ಜಾಗ ಹೇಳುತ್ತಿದ್ದ ಮೌಲಾ ಮಾಮಾ

ಮಾತಾಡುವ ಮೊದಲು ಇಂಜಿನ್ ಬಂದ್ ಮಾಡುವುದು ಮೌಲಾ ಮಾಮಾನ ಪದ್ಧತಿ. ದಾಂಡೇಲಿಯಲ್ಲಿ ಆಟೋ ಮೇಲೆ ಮೈಕಿನ ಭೋಂಗಾ ಕಟ್ಟಿಕೊಂಡು ಸುದ್ದಿ ಸಾರುವವರು ಬೇರೆಯವರೂ ಇದ್ದರು. ಅವರೆಲ್ಲ ಗಾಡಿ ಓಡಿಸುತ್ತಲೇ ಒದರಿಕೊಂಡು ಹೋಗುವವರು. ಅರ್ಧ ಸುದ್ದಿ ಈ ಓಣಿಗೆ, ಉಳಿದರ್ಧ ಮುಂದಿನ ಓಣಿಗೆ. ಮಾಮಾ ಮಾತ್ರ ಓಣಿಯ ತಿರುವಿನಲ್ಲಿ ಆಟೋ ನಿಲ್ಲಿಸಿ, ಕೀಲಿ ತಿರುವಿ, ಗಂಟಲು ಸರಿಮಾಡಿಕೊಂಡು, ಆಮೇಲೆ "ಆತ್ಮೀಯ ನಾಗರಿಕ ಬಂಧುಗಳೇ" ಎನ್ನುತ್ತಿದ್ದರು. ನಾಳೆ ನಳಕ್ಕೆ ನೀರು ಬರುವುದಿಲ್ಲ, ಸರ್ಕಸ್ ಬಂದಿದೆ, ಯಾರೋ ತೀರಿಕೊಂಡಿದ್ದಾರೆ, ಎಲ್ಲಕ್ಕೂ ಅದೇ ನಿಧಾನ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಧಾರವಾಡದ ಕನ್ನಡ, ಮೈಕಿನಲ್ಲಿ ಪಠ್ಯಪುಸ್ತಕವೂ ನಾಚುವಂಥ ಕನ್ನಡ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನ್ನ ಪಾಠಕ್ಕೆ ತೂಕಡಿಸುವ ಮಕ್ಕಳು ಮಾಮಾನ ದನಿ ಕೇಳಿದರೆ ಕಿಟಕಿಗೆ ಓಡುತ್ತಿದ್ದವು. ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಅವರ ಮನೆ ನಮ್ಮ ಮನೆಯ ಎದುರಿಗೇ, ತಗಡಿನ ಮಾಳಿಗೆಯದು. ಯಾರಾದರೂ ದಾರಿ ಕೇಳಿದರೆ ಸಾಕು, ಉಣ್ಣುವ ತಾಟು ಬಿಟ್ಟು ಎದ್ದು, ರಸ್ತೆಯವರೆಗೆ ಬಂದು, ಕೈಮಾಡಿ ತೋರಿಸಿ, ಅವರ ಬಾಯಿಂದ ಮತ್ತೊಮ್ಮೆ ಹೇಳಿಸಿ ಕಳಿಸುವರು. "ಜಾಗಾ ಹೇಳಲಾರದ ಅನೌನ್ಸಮೆಂಟ್ ಅಂದ್ರ ಕಲ್ಯಾಣಮಂಟಪದ ಹೆಸರ ಇಲ್ಲದ ಲಗ್ನಪತ್ರಿಕಿ ಇದ್ದಂಗ್ರಿ ಅಕ್ಕಾರ," ಎನ್ನುತ್ತಿದ್ದರು ನನಗೆ. "ಮಂದಿ ಓದಿ ಖುಷಿ ಪಡ್ತಾರ, ಬರೂದಿಲ್ಲ."

ಒಂದು ಏಪ್ರಿಲ್ ಮಧ್ಯಾಹ್ನ ಅವರ ಹೆಂಡತಿ ಜುಬೇದಾ ಚಾಚಿ ಒಲೆಯ ಮುಂದೆ ಕೂತವರು ಹಾಗೇ ಒರಗಿಬಿಟ್ಟರು. ನಾನು ಓಡಿಹೋಗಿ ಮುಟ್ಟಿದಾಗ ಮೈ ಕೆಂಡದ ಹಾಗಿತ್ತು. ಹಾರ್ಟು ನಿಂತಿದೆ ಎಂದರು ಡಾಕ್ಟರು. ಮಾಮಾ ಜಗಳ ತೆಗೆಯಲಿಲ್ಲ. "ಹೌದ್ರಿ, ಹಾರ್ಟೇ ನಿಂತೈತಿ. ಯಾಕ ನಿಂತತು ಅನ್ನೂದು ಬೇಕಂದ್ರ ಬಂದು ಆ ತಗಡ ಮುಟ್ಟಿ ನೋಡ್ರಿ," ಅಂದರು. ಆ ಸಾವನ್ನು ಸಾರಲು ಬೇರೆ ಯಾರನ್ನೂ ಬಿಡಲಿಲ್ಲ. ಓಣಿ ಓಣಿಗೆ ನಿಂತು, ಯಾವ ನಮಾಜಿನ ನಂತರ, ಯಾವ ಕಬರಸ್ತಾನ, ಎಲ್ಲ ಬಿಡಿಸಿ ಹೇಳಿದರು. ದನಿ ಎಲ್ಲಿಯೂ ಅಲುಗಲಿಲ್ಲ. ಬಂದ್ ಮಾಡಿದ ಇಂಜಿನ್ನನ್ನು ಮತ್ತೆ ಚಾಲೂ ಮಾಡಲು ಮಾತ್ರ ಅವರಿಂದ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಪ್ರತಿ ಸಲ ಕೀಲಿ ತಿರುವಬೇಕಾಯಿತು.

ಅಂದಿನಿಂದ ಮಾಮಾ ಮಧ್ಯಾಹ್ನ ಮನೆಯಲ್ಲಿ ನಿಲ್ಲಲಿಲ್ಲ. ಹತ್ತಿರದ ಕೋಗಿಲಬನ ಹಳ್ಳಿಯ ಆಚೆ, ಕಾಳಿ ಹೊಳೆಯ ದಂಡೆಗೆ ಹಳೆಯ ನೇರಳೆ, ಮತ್ತಿ ಮರಗಳ ಒಂದು ತೋಪಿತ್ತು. ಅಲ್ಲಿ ಆಟೋ ನಿಲ್ಲಿಸಿ ಬಿಸಿಲು ಇಳಿಯುವವರೆಗೆ ಕೂತಿರುವರು. ಒಮ್ಮೆ ನನ್ನನ್ನೂ ಕರೆದೊಯ್ದರು. ಪೇಟೆಯಲ್ಲಿ ತಲೆ ಸಿಡಿಯುತ್ತಿದ್ದ ಹೊತ್ತಿನಲ್ಲಿ ಅಲ್ಲಿ ಸೆರಗು ಹೊದ್ದುಕೊಳ್ಳಬೇಕು ಅನಿಸಿತು. "ಈ ಗಿಡದಾಗ ಒಂದ ನಮ್ಮ ಮನಿ ಮ್ಯಾಲ ಇದ್ದಿದ್ರ ಜುಬೇದಾ ಇರ್ತಿದ್ಲು," ಎಂದರು ಮಾಮಾ. ಆ ಜಾಗದ ಮಾಲೀಕರು ಮರ ಕಡಿಸಿ ಬಯಲು ಮಾಡುತ್ತಾರಂತೆ, ಅದಕ್ಕೆ ಊರವರನ್ನು ಕರೆದು ಒಂದು ಮಾತು ಕೇಳುತ್ತಾರಂತೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಆ ಸಭೆಗೆ ಜನ ಕೂಡಿಸಬೇಕು, ಒಬ್ಬೊಬ್ಬರೂ ಬೇಡ ಎನ್ನಬೇಕು. ಮಾಮಾನಿಗೆ ಅದೊಂದೇ ಹುಚ್ಚು ಹಿಡಿಯಿತು.

"ಭೋಂಗಾ ಊರ ದಾಟೂದಿಲ್ರಿ ಅಕ್ಕಾರ. ಫೋನ ದಾಟತೈತಿ," ಎಂದು ಬಂದರು. ಹೀಗೆ 'ಮೌಲಾ ಮಾಮಾನ ಮೈಕು' ಎಂಬ ಪೇಜು ಶುರುವಾಯಿತು. ಮಾತು ಅವರದು, ಬರಹ ನನ್ನದು. ವಿಡಿಯೋ ಮಾಡುವಾಗ ಬಂದ್ ಮಾಡಲು ಇಂಜಿನ್ ಇಲ್ಲವಲ್ಲ, ಎದ್ದು ಹೋಗಿ ಫ್ಯಾನು ಬಂದ್ ಮಾಡುವರು. ಆಮೇಲೆ ಬೆವರು ಸುರಿಸಿಕೊಂಡು, ಭೂಮಿ ಯಾಕೆ ಬಿಸಿಯಾಗುತ್ತಿದೆ, ಕಾಡಿಗೆ ಬೆಂಕಿ ಯಾಕೆ ಬೀಳುತ್ತಿದೆ, ನಾವು ಸುಟ್ಟದ್ದರ ಹೊಗೆ ಮೇಲೆ ಹೋಗಿ ಹೇಗೆ ಭೂಮಿಗೆ ಚಾದರ ಹೊದಿಸಿದೆ ಎಂದು ನಾಗರಿಕ ಬಂಧುಗಳಿಗೆ ತಿಳಿಸುವರು. ಬಂಧುಗಳು ಕೇಳಲಿಲ್ಲ. ನೋಡುತ್ತಿದ್ದವರೆಂದರೆ ನಾನು, ಮುಂಡಗೋಡ ಕಡೆಯ ಇಂದೂರಿಗೆ ಕೊಟ್ಟಿದ್ದ ಅವರ ಮಗಳು ಶಬಾನಾ, ಮತ್ತು ಲಾಟರಿ ಹೊಡೆದಿದೆ ಎಂದು ಬರೆಯುವ ಯಾರೋ ಕಳ್ಳರು.

ಆಮೇಲೆ ಒಂದು ದಿನ ತೋಪಿನಲ್ಲೇ ನಿಂತು ಒಂದು ವಿಡಿಯೋ ಮಾಡಿದರು. ಹಿಂದೆ ಹಸಿರು ನೀರು, ಮೇಲೆ ಎಲೆ, ನಡುವೆ ಬಿಳಿ ಗಡ್ಡದ ಮಾಮಾ. ಅಂದು ಯಾಕೋ ಗ್ರಂಥದ ಕನ್ನಡ ಬರಲಿಲ್ಲ. "ಊರಾಗ ಬೆಂಕಿ ಬಿದ್ದೈತಿ, ಇಲ್ಲೆ ಇನ್ನೂ ಥಂಡಿ ಐತಿ. ಇದನ್ನ ಉಳಸಾಕ ಎಲ್ಲಾರೂ ಬರ್ರಿ," ಅಂದರು, ಅಷ್ಟೇ. ಅದು ಓಡಿತು ನೋಡಿ! ಯಾರೋ ಮಾಮಾನ ಮಾತು ತೆಗೆದು ಕುಣಿತದ ಹಾಡು ಹಾಕಿದರು, ಅದು ಇನ್ನೂ ಜೋರಾಗಿ ಓಡಿತು. ಕೆಳಗೆ ಸಾಲು ಸಾಲಾಗಿ ಒಂದೇ ಮಾತು: ಲೊಕೇಶನ್ ಪ್ಲೀಸ್.

ಮಾಮಾ ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಪಡಸಾಲೆಗೆ ಓಡಿ ಬಂದರು. "ಬರಾಕ ಹತ್ಯಾರ್ರಿ ಅಕ್ಕಾರ! ಜಾಗಾ ಕೇಳಾಕ ಹತ್ಯಾರ!"

"ಮಾಮಾ, ಇವ್ರು ಗಿಡಾ ಉಳಸೂ ಮಂದಿ ಅಲ್ರಿ. ಈಜಾಡೂ ಮಂದಿ. ಜಾಗಾ ಹೇಳಬ್ಯಾಡ್ರಿ," ಎಂದೆ.

"ಮದಲ ಬರಲಿ ಬಿಡ್ರಿ. ಆ ನೆರಳಾಗ ಒಂದ ತಾಸ ಕುಂತಾಂವ, ಇದನ್ನ ಕಡೀರಿ ಅಂತಾನೇನು?"

ಇದಕ್ಕೆ ಏನು ಹೇಳುತ್ತೀರಿ? ಕೇಳಿದ ಒಬ್ಬೊಬ್ಬರಿಗೂ ಮಾಮಾ ತಮ್ಮ ದನಿಯಲ್ಲೇ ದಾರಿ ಕಳಿಸಿದರು. ಎಲ್ಲಿ ಹೊರಳಬೇಕು, ಎಲ್ಲಿ ಡಾಂಬರು ಮುಗಿಯುತ್ತದೆ, ಯಾವ ಮನೆಯ ಪಕ್ಕದಿಂದ ಇಳಿದರೆ ನೀರು ಕಾಣುತ್ತದೆ. ಸಾವಿನ ಸುದ್ದಿ ಸಾರುವಾಗಿನ ಅದೇ ಚೊಕ್ಕತನ.

ಬಂದರು. ಹುಬ್ಬಳ್ಳಿಯಿಂದ, ಬೆಳಗಾವಿಯಿಂದ, ಅನಮೋಡ ಘಟ್ಟ ಹತ್ತಿ ಗೋವಾದಿಂದ. ಕಾರಿನ ಡಿಕ್ಕಿ ತೆರೆದು ಹಾಡು ಹಚ್ಚಿದರು, ಮರದ ಬುಡಕ್ಕೆ ಕಲ್ಲು ಹೂಡಿ ಕೋಳಿ ಬೇಯಿಸಿದರು, ಬಾಟಲಿ ಒಡೆದರು. ಮಾಮಾ ಆಟೋ ತೆಗೆದುಕೊಂಡು ಹೋಗಿ, ಇಂಜಿನ್ ಬಂದ್ ಮಾಡಿ, "ಆತ್ಮೀಯ ನಾಗರಿಕ ಬಂಧುಗಳೇ" ಅಂದರೆ, "ವಿಡಿಯೋದ ಮಾಮಾ ಬಂದ್ರಲೇ!" ಎಂದು ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆಸಿಕೊಂಡರು. ತೋಪಿಗೆ ಇಳಿಯುವ ಓಣಿಯಲ್ಲಿ ಬಾಗಿಲು ಬಾಗಿಲಿಗೆ ಕಾರು. ಒಂದು ಭಾನುವಾರ ಬೇನೆ ಹತ್ತಿದ ಹೆಣ್ಣುಮಗಳೊಬ್ಬಳನ್ನು ಆ ಕಾರುಗಳ ಸಂದಿಯಲ್ಲಿ ಹೊರಸಿನ ಮೇಲೆ ಹೊತ್ತು ದಾಟಿಸಬೇಕಾಯಿತು. ಪುಣ್ಯಕ್ಕೆ ತಾಯಿ ಮಗು ಉಳಿದರು.

ಮಾಲೀಕರು ಕರೆದ ಸಭೆಗೆ ನಾನೂ ಮಾಮಾನ ಜೊತೆ ಹೋದೆ. ಮಾಮಾ ಬೇಡಿಕೊಂಡ ಹಾಗೆಯೇ ಜನ ಕಿಕ್ಕಿರಿದು ಬಂದಿದ್ದರು. ವಿಡಿಯೋ ಮೆಚ್ಚಿದವರಲ್ಲಿ ಒಬ್ಬರೂ ಇರಲಿಲ್ಲ, ಎಲ್ಲರೂ ಆ ಓಣಿಯವರೇ. ಆ ಹೆಣ್ಣುಮಗಳ ಅತ್ತೆ ಎದ್ದು ನಿಂತಳು. ಸಿಟ್ಟಿನಿಂದ ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು. "ಮಾಮಾರ, ನೀವು ಒಳ್ಳೇವ್ರು. ಆದ್ರ ನಿಮ್ಮ ವಿಡಿಯೋ ಬರೂ ಮದಲ ಆ ಗಿಡಾ ಯಾರಿಗೂ ತ್ರಾಸ ಕೊಟ್ಟಿದ್ದಿಲ್ಲ. ಈಗ ಕಡೀಲಿ. ಕಡದ ಅಲ್ಲೇ ಗಾಡಿ ನಿಲ್ಲಸ್ಲಿ. ನಮ್ಮ ಬಾಗಲಾ ಒಂದ ಬಿಡ್ಲಿ, ಸಾಕು." ಎಲ್ಲರೂ ಹೌದೆಂದು ಕೈ ಎತ್ತಿದರು. ನಾನು ಮಾಮಾನ ಮುಖ ನೋಡಿದೆ. ಊರಿಗೆಲ್ಲ ಕೇಳುವ ದನಿಯ ಮನುಷ್ಯ ಮೆಲ್ಲಗೆ ಎದ್ದು ಹೊರಗೆ ನಡೆದರು.

ಮರುವಾರ ತೋಪು ಇರಲಿಲ್ಲ. ನೇರಳೆಯ ಕೊರಡಿನ ಮೇಲೆ ಬಿಸಿಲು ಹೊಡೆಯುತ್ತಿತ್ತು.

ಪೇಜಿನ ವಿಡಿಯೋ ಅಳಿಸಿದೆವು. ಆದರೆ ಅದರ ನಕಲುಗಳು ಎಲ್ಲೆಲ್ಲೋ ಓಡಾಡುತ್ತಿದ್ದವು. ಮಾಮಾ ನಮ್ಮ ಪಡಸಾಲೆಯಲ್ಲಿ ಕೂತು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ, ಸಿಕ್ಕ ಸಿಕ್ಕ ನಕಲಿನ ಕೆಳಗೆ ಬರೆದರು: ದಯವಿಟ್ಟು ಹೋಗಬೇಡಿರಿ, ಅಲ್ಲಿ ಏನೂ ಉಳಿದಿಲ್ಲ. ಅದರ ಕೆಳಗೆ ನಗುವ ಮುಖಗಳು ಬಂದವು. ಅದರ ಕೆಳಗೆ ಮತ್ತೆ, ಲೊಕೇಶನ್ ಪ್ಲೀಸ್. ನನಗೆ ಫೋನು ಗೋಡೆಗೆ ಎಸೆಯಬೇಕು ಅನಿಸಿತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬಹಳ ಕೆಟ್ಟದ್ದು, ಇವತ್ತಿಗೂ ಇಳಿದಿಲ್ಲ. ಮಾಮಾ ಸಿಟ್ಟಾಗಲಿಲ್ಲ. "ಜಾಗಾ ನಾನಽ ಹೇಳಿದ್ದೆ," ಅಂದರು. ಆ ತಿಂಗಳೇ ಭೋಂಗಾ ಬಿಚ್ಚಿ, ಆಟೋ ಮಾರಿ, ಮಗಳ ಮನೆಗೆ ಹೋಗಿಬಿಟ್ಟರು. ಈಗ ನಮ್ಮ ಓಣಿಯಲ್ಲಿ ಸುದ್ದಿ ಸಾರುವವನು ರೆಕಾರ್ಡು ಹಚ್ಚಿ, ಇಂಜಿನ್ ಗುರುಗುಟ್ಟಿಸುತ್ತ ಹೋಗುತ್ತಾನೆ. ಸತ್ತವರ ಹೆಸರೂ ಸರಿಯಾಗಿ ಕೇಳುವುದಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಇಂದೂರಿನಲ್ಲಿ, ಹೋದ ಬೇಸಿಗೆ. ಶಬಾನಾಳ ಮನೆಯ ಕಟ್ಟೆಯ ಮೇಲೆ ಕೂತಿದ್ದರು, ಬಹಳ ಸೊರಗಿದ್ದರು. ಮನೆಯ ಹಿಂದೆಯೇ ಕೆರೆ. ಎಲ್ಲ ಕಡೆ ಒಣಗಿದ್ದರೂ ಅದರಲ್ಲಿ ಇನ್ನೂ ನೀರಿತ್ತು. ಏರಿಯ ಮೇಲಿನ ಮರಗಳಿಂದ ತಣ್ಣನೆಯ ಗಾಳಿ ಬಂದು ಶಬಾನಾ ಒಣಹಾಕಿದ ಬಟ್ಟೆಗಳನ್ನು ಅಲುಗಿಸುತ್ತಿತ್ತು. "ವಾಪಸ್ ಬರ್ರಿ ಮಾಮಾ," ಎಂದೆ. "ಬಂದು ಏನ ಸಾರಲ್ರಿ?" ಎಂದರು.

ನಾನು ಹೊರಡುವ ಹೊತ್ತಿಗೆ ಬೈಕಿನ ಮೇಲೆ ಇಬ್ಬರು ತರುಣರು ಬಂದು ನಿಂತರು. ಹಿಂದಿದ್ದವನ ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಫೋನು. "ಅಜ್ಜಾರ, ಇಲ್ಲೆ ಒಂದ ಭಾರಿ ಚಂದ ಕೆರಿ ಐತಂತ, ಎಲ್ಲಿಂದ ಹೋಗಬೇಕ್ರಿ?"

ಮಾಮಾ ಕಟ್ಟೆಯಿಂದ ಇಳಿದು, ಹಿಂದಿನ ಹಾಗೆಯೇ ರಸ್ತೆಯವರೆಗೆ ನಡೆದು ಹೋದರು. ಬೈಕು ಗುಡುಗುಡು ಅನ್ನುತ್ತಿತ್ತು. ಬಂದ್ ಮಾಡು ಎಂದು ಕೈಸನ್ನೆ ಮಾಡಿದರು. ಅವನು ಕೀಲಿ ತಿರುವಿದ. ಮಾಮಾ ಗಂಟಲು ಸರಿಮಾಡಿಕೊಂಡರು. ನಾನು ಎಷ್ಟೋ ದಿನದಿಂದ ಕೇಳದಿದ್ದ ಆ ದನಿ, ಚೊಕ್ಕವಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಿತು.

"ಈ ಊರಿನಲ್ಲಿ ಕೆರೆ ಇಲ್ಲ."