ರೇಡಿಯೊ ಜೋರು ಮಾಡುತ್ತಿದ್ದ ಅಣ್ಣ

ಮೊನ್ನೆ ನಾಪೋಕ್ಲು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವರು ಆಗಷ್ಟೇ ಗಡ್ಡ ತೆಗೆಸಿಕೊಂಡಿದ್ದರು. ಸೋಪು, ಪೌಡರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಟಿಂಗ್ ಶಾಪಿನ ಅಣ್ಣ ನೆನಪಾದರು…

ನಾವು ಅವರಲ್ಲಿಗೆ ಹೋಗುತ್ತಿದ್ದುದು ಕೂದಲಿಗಿಂತ ಹೆಚ್ಚಾಗಿ ಹರಟೆಗೆ. ಯಾವ ಪಕ್ಷದವನಾದರೂ ಅಲ್ಲಿ ಬಾಯಿಗೆ ಬಂದದ್ದು ಮಾತಾಡಬಹುದಿತ್ತು. ಈಗಿನ ನಾಯಕರು ಮೊದಲ ಸಲ ಗೆದ್ದಾಗ ಲಾಡು ಹಂಚಿದ್ದೂ ಅಲ್ಲೇ. ನಾನೂ ಅವರಿಗೇ ವೋಟು ಹಾಕಿದ್ದೆ. ಬಡವರ ಮನೆಮಗ ಬಂದ, ಇನ್ನು ದೊಡ್ಡವರ ಆಟ ನಡೆಯದು ಅಂದುಕೊಂಡಿದ್ದೆ. ಬರುಬರುತ್ತಾ ಅವರನ್ನು ಪ್ರಶ್ನಿಸಿದವರೆಲ್ಲ ಜನವಿರೋಧಿಗಳಾದರು. ಪತ್ರಿಕೆಗಳು ಒಂದೊಂದಾಗಿ ಬಾಯಿ ಮುಚ್ಚಿಕೊಂಡವು. ಎರಡನೇ ಸಲ ಅವರು ಇನ್ನೂ ಹೆಚ್ಚು ವೋಟಿನಿಂದ ಗೆದ್ದರು.

ಒಂದು ಭಾನುವಾರ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರೊಬ್ಬರು ಕೆನ್ನೆಗೆ ಸೋಪು ಹಚ್ಚಿಸಿಕೊಂಡೇ ನಾಯಕರನ್ನು ಬೈದರು. ಆ ವಾರವೇ ಅವರನ್ನು ಪೊಲೀಸ್ ಸ್ಟೇಷನ್ನಿಗೆ ಕರೆಸಿದರು. ಅಂಗಡಿಯಲ್ಲಿದ್ದ ನಮ್ಮಲ್ಲೇ ಯಾರೋ ಹೇಳಿರಬೇಕು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಅಲ್ಲಿಂದ ಮುಂದೆ ಯಾರಾದರೂ ರಾಜಕೀಯ ಎತ್ತಿದರೆ ಸಾಕು, ಅಣ್ಣ ಕತ್ತರಿ ಕೆಳಗಿಟ್ಟು ರೇಡಿಯೊ ಜೋರು ಮಾಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬಾರದು, ಅಷ್ಟೇ. ನಮ್ಮನ್ನು ಕಾಯಲು ಅವರಿಗೆ ಬೇರೆ ದಾರಿ ಇರಲಿಲ್ಲ.

ಒಮ್ಮೆ ನಾನು ಕುರ್ಚಿಯಲ್ಲಿದ್ದಾಗ ನಾಯಕರ ಕಡೆಯ ಹುಡುಗರು ಬಂದು ರೇಡಿಯೊ ಆರಿಸಿದರು.

“ಇಲ್ಲಿ ಯಾರ್ಯಾರು ಎಂತ ಮಾತಾಡ್ತಾರೆ, ನೀವೇ ನಮ್ಗೆ ಹೇಳ್ಬೇಕು.”

“ನಂಗೆ ಕಿವಿ ಸರಿ ಕೇಳುದಿಲ್ಲ ಮೋನೇ,” ಎಂದರು ಅಣ್ಣ. ಅವರ ಮನೆಮಾತು ಮಲಯಾಳ, ಎಲ್ಲ ಹುಡುಗರೂ ಅವರಿಗೆ ಮೋನೇ, ಅಂದರೆ ಮಗನೇ.

“ಹಾಗಾದ್ರೆ ಅಂಗಡಿ ಎಂತಕ್ಕೆ?” ಎಂದ ಒಬ್ಬ, ಮೆಲ್ಲಗೆ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವರು ಹೋದ ಮೇಲೆ ಅಣ್ಣ ಬ್ಲೇಡು ಒರೆಸಿ ಒಳಗಿಟ್ಟರು. ನನ್ನ ಒಂದು ಕೆನ್ನೆ ಹಾಗೇ ಬಿಟ್ಟು, “ಇವತ್ತು ಬೇಡ” ಎಂದರು.

ಸ್ವಲ್ಪ ದಿನಕ್ಕೆ ಲೈಸೆನ್ಸ್ ಸರಿಯಿಲ್ಲವೆಂದು ಅಂಗಡಿಗೆ ಬೀಗ ಬಿತ್ತು. ಅಣ್ಣ ಯಾರ ಹೆಸರನ್ನೂ ಹೇಳಲಿಲ್ಲ. ಮಗಳ ಊರಿಗೆ ಹೋದರು, ಅಲ್ಲೇ ತೀರಿಕೊಂಡರಂತೆ… ಮನಸ್ಸು ಬಿಚ್ಚಿ ಮಾತಾಡಲು ನಮಗೆ ಮತ್ತೆ ಜಾಗವೇ ಸಿಗಲಿಲ್ಲ.

ಈಗ ಅಲ್ಲಿ ಹೊಸ ಸಲೂನ್ ಬಂದಿದೆ. ಹೋದ ವಾರ ಬ್ಲೇಡು ನನ್ನ ಗಂಟಲ ಮೇಲಿದ್ದಾಗ ಹುಡುಗ ಕೇಳಿದ, “ಈ ಸಲ ವೋಟು ಯಾರಿಗೆ ಹಾಕಿದ್ದು ಸಾರ್?”

ಸುಮ್ಮನೆ ಮಾತಿಗೆ ಕೇಳಿರಬಹುದು. ಒಳ್ಳೆಯ ಹುಡುಗನೇ ಇರಬಹುದು.

“ಮತ್ಯಾರಿಗೆ, ನಾಯಕರಿಗೇ,” ಎಂದೆ.

ಹಾಕಿದ್ದು ಅವರಿಗಲ್ಲ. ಅದನ್ನು ನಾನು ಹೆಂಡತಿಗೂ ಹೇಳಿಲ್ಲ.