ಮಾವನ ಎರಡು ದಿನದ ಜೀಪು

ನಮ್ಮ ಮಾವನ ಧೋತರದ ಬಲತೊಡೆಯ ಮೇಲೆ ಯಾವಾಗಲೂ ಐದು ಬೆರಳಿನ ಕರಿ ಗುರುತು ಇರುತ್ತಿತ್ತು. ಕೈಗೆ ಗ್ರೀಸ್ ಹತ್ತಿತೋ, ಅಲ್ಲೇ ಒಂದು ಒರೆಸು. ಒರೆಸಿಕೊಳ್ಳಲೆಂದೇ ಹಳೇ ಟವೆಲ್ ಕೊಟ್ಟಿದ್ದೆ. ‘ಚಲೋ ಅರಿವಿ ಅದ, ಸುಮ್ನ ಹೊಲಸ ಆಗ್ತದ’ ಎಂದು ಅದನ್ನು ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ಧೋತರ ತಿಕ್ಕುವವಳು ಸೊಸೆ ನಾನು ತಾನೆ! ನನ್ನ ರಟ್ಟೆ ಬಿದ್ದುಹೋಗುತ್ತಿದ್ದವು.

ಮಾವ ದೇವದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪು ಡ್ರೈವರ್ ಆಗಿದ್ದವರು. ಆ ಜೀಪು ಹರಾಜಿಗೆ ಬಂದಾಗ ತಾವೇ ಕೊಂಡು ಸ್ವಂತ ಊರು ಮಸರಕಲ್ಲಿನಲ್ಲಿ ನಿಲ್ಲಿಸಿದ್ದರು. ಅದರ ಸೀಟಿನ ಮೇಲೆ ಕೋಳಿಗಳು ಸಂಸಾರ ಹೂಡಿದ್ದವು. ಕಡೆಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ರಾಯಚೂರಿನ ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಲೇಬಾರದು ಎಂದರು. ಮಾವ ಸಣ್ಣ ಮಗುವಿನಂತೆ ತಲೆಯಾಡಿಸಿದರು. ಕೆಲವೇ ದಿನಕ್ಕೆ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ಮಾನ್ವಿಯ ನಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿದರು. ಕಣ್ಣು ನೆಟ್ಟಗಿದ್ದಾಗ ಬೇಡವಾದ ಗಾಡಿ ಕಣ್ಣು ಹೋದಮೇಲೆ ಬೇಕಾಯಿತು!

ಆಗ ನಾನು ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತಿದ್ದೆ. ನಾನು ಕಲಿಸುವ ಶಾಲೆ ಬಾಗಲವಾಡದ ಆಚೆ, ಡಾಂಬರು ಬಿಟ್ಟು ಎರೆಹೊಲದ ದಾರಿಯಲ್ಲಿ. ಮಳೆ ಬಂದರೆ ಸ್ಕೂಟಿ ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಆ ಸಲ ಕೆಡವಿಯೇ ಬಿಟ್ಟಿತ್ತು. ಹಾಗಾಗಿ ಸಿಟ್ಟು ಮಾಡಲು ನನಗೆ ಬೇಕಾದಷ್ಟು ಪುರುಸೊತ್ತಿತ್ತು.

ಅತ್ತೆಗಂತೂ ಜೀವ ಬಾಯಿಗೆ ಬಂದಿತ್ತು. ‘ಯವ್ವಾ, ಈ ಮನಷ್ಯಾ ಒಂದಿನ ಗಾಡಿ ಹೊಡದ ತೀರತಾನ. ಯಾರ್ದರೆ ಮಕ್ಕಳ ಮ್ಯಾಲ ಹಾಯಿಸಿದ್ರ ಏನ ಮಾಡೂಣು? ಕೀಲಿ ನಿನ್ನ ಕಡೆನ ಇಟ್ಗೊ’ ಎಂದರು. ಕೀಲಿಯನ್ನು ಜೋಳದ ಡಬ್ಬಿಯಲ್ಲಿ ಹುದುಗಿಸಿಟ್ಟೆ. ಪಟ್ಟಿ ಬಿಚ್ಚಿಸಿದ ಮೇಲೂ ಶಾಲೆಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಕೈ ಹಾಕಿ ನೋಡುತ್ತಿದ್ದೆ.

‘ಎರಡ ದಿನದ ಕೆಲ್ಸ’ ಎಂದಿದ್ದರು ಮಾವ. ವರ್ಷ ಕಳೆದರೂ ಆ ಎರಡು ದಿನ ಮುಗಿಯಲಿಲ್ಲ. ಕಾರ್ಬೊರೇಟರನ್ನು ನನ್ನ ಸಾರಿನ ಬೋಗಾಣಿಯಲ್ಲಿ ತೊಳೆದರು. ಎಷ್ಟು ತಿಕ್ಕಿದರೂ ಸಾರು ಸೀಮೆಎಣ್ಣೆ ನಾರುತ್ತಿತ್ತು. ಒಂದು ನಟ್ಟಿಗಾಗಿ ಬಸ್ಸು ಹತ್ತಿ ರಾಯಚೂರಿಗೆ ಹೋಗುವುದು, ಕಣ್ಣು ಕಾಣದೆ ಬೇರೆಯದೇ ತರುವುದು, ಮರುದಿನ ಮತ್ತೆ ಬಸ್ಸು. ಒಂದು ದಿನ ತಡೆಯಲಾರದೆ ಕೇಳಿದೆ.

‘ಮಾವಾರ, ನೀವು ಗಾಡಿ ಹೊಡಿಯೂದಿಲ್ಲ ಹೌದಿಲ್ರಿ?’

‘ಹೊಡಿಯೂದಿಲ್ಲ ಅಂದೀನಲ್ಲ.’

‘ಮತ್ತ ಏನ ಮಾಡಾಕತ್ತೀರಿ?’

‘ಕಾಣವಲ್ದೇನು? ರಿಪೇರಿ ಮಾಡಾಕತ್ತೀನಿ.’

ಇಂಥವರ ಹತ್ತಿರ ಏನು ಮಾತಾಡುವುದು! ತಲೆ ಚಚ್ಚಿಕೊಂಡು ಒಳಗೆ ಹೋದೆ.

ದಸರೆಯ ಖಂಡೇಪೂಜೆಯ ಹೊತ್ತಿಗೆ, ನಾನೇ ಕೀಲಿ ತಂದು ತಿರುವಿದಾಗ, ಜೀಪು ಅಂತೂ ಗುಡುಗುಡು ಎಂದಿತು. ನಟ್ಟು ಬಿಗಿಯುವ ಪಾನಾ, ಸುತ್ತಿಗೆ ಎಲ್ಲವನ್ನೂ ಮಾವ ಅದರ ಮುಂದೆ ಜೋಡಿಸಿ ಅರಿಸಿನದ ಭಂಡಾರ ಹಚ್ಚಿ ಪೂಜೆ ಮಾಡಿದರು. ಪೂಜೆಗಿಟ್ಟ ಆಯುಧವನ್ನು ನಮ್ಮ ಮನೆಯಲ್ಲಿ ಮರುದಿನದವರೆಗೆ ಮುಟ್ಟುವಂತಿಲ್ಲ. ಗಾಡಿಯ ಗಾಲಿ ಮಾತ್ರ ನಿಂಬೆಹಣ್ಣಿನ ಮೇಲೆ ಹಾಯಬೇಕು, ಇಲ್ಲವಾದರೆ ಪೂಜೆ ಪೂರ್ತಿಯಾಗದು. ನನ್ನ ಗಂಡ ಡ್ಯೂಟಿಗೆ ಹೋಗಿದ್ದರು. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತೆ. ಮಾವ ಕೈಚಾಚಲಿಲ್ಲ.

‘ನೀ ಕೂಡು ಯವ್ವಾ’ ಎಂದು ತಾವು ಎಡಕ್ಕೆ ಹತ್ತಿ ಕೂತರು.

ನಾನು ಸ್ಕೂಟಿ ಬಿಟ್ಟು ಬೇರೇನೂ ಹೊಡೆದವಳಲ್ಲ. ಅವರು ಹೇಳಿದಂತೆ ಗೇರು ಹಾಕಿ ಕ್ಲಚ್ ಬಿಟ್ಟೆ. ನಿಂಬೆಹಣ್ಣು ಪಚಕ್ಕೆಂದವು. ಬ್ರೇಕ್ ಒತ್ತಿದರೆ ಬ್ರೇಕೇ ಇಲ್ಲ! ಜೀಪು ಗೇಟು ದಾಟಿತು, ಓಣಿ ದಾಟಿತು. ಅತ್ತೆ ಬಾಯಿ ಬಡಿದುಕೊಂಡರು. ‘ಕೀಲಿ ತಿರುವು, ಕೀಲಿ ತಿರುವು!’ ಎಂದು ಮಾವ ಕೂಗಿದರು. ತಿರುವಿದೆ. ಎದುರುಮನೆಯ ಮರಳಿನ ಗುಪ್ಪೆಗೆ ಮೂತಿ ಹೊಕ್ಕಿಸಿ ಗಾಡಿ ನಿಂತಿತು.

‘ಬ್ರೇಕಿನ ನಟ್ಟು ಸಡ್ಲ ಇತ್ತು’ ಎಂದರು ಮಾವ, ಮೆಲ್ಲಗೆ.

‘ಗೊತ್ತಿತ್ತಾ? ಗೊತ್ತಿದ್ದೂ ಬಿಗಿ ಮಾಡ್ಲಿಲ್ಲಾ?’

‘ಪಾನಾ ಪೂಜಾಕ್ಕ ಇಟ್ಟಿತ್ತಲ್ಲವ್ವಾ. ಮುಟ್ಟಾಕ ಬರ್ತದೇನು? ಬೆರಳಲೆ ತಿರುವಿದ್ದೆ.’

ದೇವರೇ! ಬೈಯಲು ಬಾಯಿ ತೆರೆದೆ. ಆಗ ಕಾಲಿನ ಕಡೆ ಗಮನ ಹೋಯಿತು. ಮಂಚದ ಮೇಲೆ ಕೂತರೂ ನೆಲಕ್ಕೆ ಮುಟ್ಟದ ನನ್ನ ಕಾಲು ಇಲ್ಲಿ ಮೂರೂ ಪೆಡಲಿಗೆ ಸರಿಯಾಗಿ ಎಟಕುತ್ತಿದ್ದವು. ಬಗ್ಗಿ ನೋಡಿದೆ. ಸೀಟಿನ ಬೋಲ್ಟಿನ ಹಳೇ ತೂತುಗಳು ಖಾಲಿಯಿದ್ದವು. ಅರ್ಧ ಗೇಣು ಮುಂದೆ ಹೊಸ ತೂತು ಕೊರೆದು ಸೀಟು ಬಿಗಿದಿದ್ದರು. ಆರಡಿಯ ಮಾವ ಆ ಸೀಟಿನಲ್ಲಿ ಕೂಡುವಂತೆಯೇ ಇರಲಿಲ್ಲ.

‘ನನಗೇನ್ರಿ ಇದು? ಯಾಕ ಹೇಳ್ಲಿಲ್ಲ?’

‘ಹೇಳಿದ್ರ ಬ್ಯಾಡ ಅಂತಿದ್ದಿ. ಆ ಸ್ಕೂಟಿ ಮ್ಯಾಲ ಮತ್ತ ಬೀಳ್ತಿದ್ದಿ.’

ಆಮೇಲೆ ದಿನಾ ಸಂಜೆ ಪಕ್ಕದಲ್ಲಿ ಕೂತು, ನನ್ನ ಜೀವ ತಿಂದು, ಗಾಡಿ ಕಲಿಸಿದರು. ಮಳೆಗಾಲದಲ್ಲೂ ಶಾಲೆ ತಪ್ಪಲಿಲ್ಲ.

ಅವರು ತೀರಿಕೊಂಡದ್ದೂ ಒಂದು ಮಳೆಗಾಲದಲ್ಲೇ. ಮಣ್ಣು ಮಾಡುವುದು ಮಸರಕಲ್ಲಿನ ಹೊಲದಲ್ಲಿ, ಹಿರಿಯರ ಪಕ್ಕ. ಅವರನ್ನು ತಂದಿದ್ದ ವ್ಯಾನು ಡಾಂಬರು ಮುಗಿದಲ್ಲೇ ನಿಂತುಬಿಟ್ಟಿತು. ಹಿಂದೆ ಜೀಪಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಬಂದಿದ್ದೆ. ಜೀಪಿನಲ್ಲಿ ಒಯ್ಯೋಣ ಎಂದೆ.

‘ಹೆಣ್ಮಕ್ಕಳು ಮಣ್ಣಿಗೆ ಬರಬಾರ್ದು’ ಎಂದರು ಊರಿನ ಹಿರಿಯರೊಬ್ಬರು.

‘ಹಂಗಾದ್ರ ನೀವ ಹೊಡೀರಿ’ ಎಂದು ಇಳಿದೆ. ಅಪ್ಪನಷ್ಟೇ ಎತ್ತರದ ನನ್ನ ಗಂಡ ಹತ್ತಲು ನೋಡಿದರು. ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ಇನ್ನಿಬ್ಬರು ನೋಡಿದರು. ಅವರದೂ ಅದೇ ಗತಿ. ಮಳೆ ಜೋರಾಯಿತು.

‘ಆಕಿನ ಒಯ್ಯಲಿ’ ಎಂದರು ಅತ್ತೆ.

ಹಿಂದೆ ಮಾವನನ್ನು ಮಲಗಿಸಿದರು. ಗಾಲಿ ಎರೆಮಣ್ಣಿನಲ್ಲಿ ಜಾರುತ್ತಿತ್ತು, ಕಣ್ಣು ತುಂಬಿ ದಾರಿ ಕಾಣುತ್ತಿರಲಿಲ್ಲ. ಯಾಕೆ ಇಷ್ಟು ಬೇಗ ಹೋದಿರಿ, ಯಾರನ್ನು ಕೇಳಿ ಹೋದಿರಿ ಎಂದು ಹೊಲ ಮುಟ್ಟುವವರೆಗೂ ಅವರನ್ನು ಬೈಯುತ್ತಲೇ ಹೊಡೆದೆ. ಅವರು ನನಗೆ ಎದುರುಮಾತಾಡದಿದ್ದದ್ದು ಅದೇ ಮೊದಲು.