ಬೀಗಿತ್ತಿಯೂ ನಾನೂ ಹಿಡಿದ ಕೊಲೆಗಾರರು

ಪುಟ್ಟವ್ವಾ, ಸಣ್ಯಾ, ಮನೆಯಲ್ಲಿ ಕರೆಯುವ ಹೆಸರಿನಿಂದಲೇ ನಿಮ್ಮನ್ನು ಕರೆಯುತ್ತೇನೆ. ಸಾಲೆಯ ಹೆಸರುಗಳು ನನ್ನ ಬಾಯಲ್ಲಿ ನಿಲ್ಲುವುದಿಲ್ಲ.

ದಸರೆಯ ಸೂಟಿಗೆ ನೀವಿಬ್ಬರೂ ನಿಮ್ಮ ತಾಯಿಯ ತವರಾದ ಬೈಲಹೊಂಗಲಕ್ಕೆ ಹೋಗಿದ್ದೀರಿ. ನಿನ್ನೆ ಫೋನಿನಲ್ಲಿ ಪುಟ್ಟವ್ವ, “ಆಯಿ, ನಮ್ಮ ಮ್ಯಾಲ ಸಿಟ್ಟಾಗೀಯೇನ?” ಎಂದು ಕೇಳಿದಳು. ಇಲ್ಲವೆಂದೆ. ಅದು ಖರೆ. ನನಗೆ ಆಗಿರುವುದು ಹೊಟ್ಟೆಕಿಚ್ಚು, ಅದೂ ನಿಮ್ಮ ಮೇಲಲ್ಲ. ನೀವು ‘ಅಜ್ಜಿ’ ಎಂದು ಕರೆಯುವ ನನ್ನ ಬೀಗಿತ್ತಿಯ ಮೇಲೆ. ಅದನ್ನು ಫೋನಿನಲ್ಲಿ ಹೇಳಲು ಬಾರದು, ಆಕೆ ಪಕ್ಕದಲ್ಲೇ ಕೂತಿರುತ್ತಾಳೆ. ಎದುರಿಗೆ ನಾಲ್ಕು ಜನರಿದ್ದರೆ ನನಗೆ ಮಾತು ಹೊರಡದು. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೇಸಿಗೆಯ ಸೂಟಿ ಎಂದರೆ ನೀವು ಯರಗಟ್ಟಿಯಿಂದ ಬಸ್ಸು ಹತ್ತಿ ಉಗರಗೋಳಕ್ಕೆ ನನ್ನ ಬಳಿ ಬರುವುದು ಮೊದಲಿನಿಂದಲೂ ನಡೆದು ಬಂದದ್ದು. ಈ ವರ್ಷ ಬೈಲಹೊಂಗಲದ ಮನೆಯ ನೆಲಕ್ಕೆ ಹೊಸ ಫರಸಿ ಕಲ್ಲು ಹಾಕಿಸುತ್ತಿದ್ದರು. ಧೂಳು ಆಗಿಬರುವುದಿಲ್ಲವೆಂದು ನಿಮ್ಮ ಅಜ್ಜಿಯೂ ನಿಮ್ಮ ಜೊತೆಗೆ ಬಂದಳು. ಬಂದವಳನ್ನು ಬೇಡವೆನ್ನಲಾದೀತೇ? ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕನ್ನಡಕಕ್ಕೆ ಸರಪಳಿ, ಕೈಯಲ್ಲಿ ಗಡಿಯಾರ, ಮನೆಯಲ್ಲೇ ಇರುವ ಮೈದುನನ ಹೆಂಡತಿ, ನನ್ನ ನೆಗೆಣ್ಣಿಯ ಜೊತೆಗೂ ಬಂದ ಮೊದಲ ದಿನವೇ ನಗುನಗುತ್ತ ಮಾತು. ನಾನು ಶೇಂಗಾ ಹೋಳಿಗೆ ಮಾಡಿ ತಾಟಿನಲ್ಲಿ ಹಾಕಿ ತಂದರೆ, ಪುಟ್ಟವ್ವನ ತಲೆ ಆಕೆಯ ತೊಡೆಯ ಮೇಲೆ, ಸಣ್ಯಾನ ಕಾಲು ಆಕೆಯ ಮಡಿಲಲ್ಲಿ. ನನ್ನದೇ ಪಡಸಾಲೆ, ನನ್ನವೇ ಮೊಮ್ಮಕ್ಕಳು. ಹೋಳಿಗೆ ಆರುವವರೆಗೆ ನಿಂತೆ. ಯಾರೂ ತಲೆ ಎತ್ತಲಿಲ್ಲ.

ಅದೆಲ್ಲ ಆ ಜಪಾನಿನ ಪುಸ್ತಕಗಳಿಂದ. ಪುಟ್ಟವ್ವ ಗೆಳತಿಯಿಂದ ಕೇಳಿ ತಂದಿದ್ದಳು. ಮಾಂಗಾ ಎನ್ನುತ್ತಾರೆ. ಪುಟದ ತುಂಬ ಕಪ್ಪು ಗೆರೆಯ ಚಿತ್ರಗಳು, ಮಾತು ಇಂಗ್ಲಿಷಿನಲ್ಲಿ, ಎಲ್ಲವೂ ಕೊಲೆಯ ಕಥೆ. ಮಧ್ಯಾಹ್ನ ಉಂಡ ಮೇಲೆ ಪುಟ್ಟವ್ವ ಅದನ್ನು ನಮ್ಮ ಮಾತಿನಲ್ಲಿ ಓದಿ ಹೇಳುತ್ತಿದ್ದಳು. ಕಡೆಯ ಅಧ್ಯಾಯ ಬಂದಾಗ ಓದು ನಿಲ್ಲಿಸಿ, ಎಲ್ಲರೂ ಕಾಣುವ ಒಂದು ಪುಟ ಬಿಚ್ಚಿ ನಡುವೆ ಇಡುವಳು. ಯಾರ ಮೇಲೆ ಅನುಮಾನವೋ ಅವರ ಚಿತ್ರದ ಮೇಲೆ ಒಬ್ಬೊಬ್ಬರೂ ಒಂದು ಹುಣಸೆ ಬೀಜ ಇಡಬೇಕು. ಈ ಪದ್ಧತಿ ಮಾಡಿದವನು ಸಣ್ಯಾ. ನನಗೆ ಅದು ಹಿಡಿಸಿತು, ಬಾಯಿ ಬಿಡುವ ಕೆಲಸವಿಲ್ಲ. ಆದರೆ ಗೆಲ್ಲುವವಳು ಯಾವಾಗಲೂ ಅಜ್ಜಿ. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಕಥೆಯ ಮನೆಯ ನಕಾಶೆ ಬರೆದು, ಯಾವ ಬಾಗಿಲು ಎಲ್ಲಿ, ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂದು ಲೆಕ್ಕ ಹಾಕಿ ಬೀಜ ಇಡುವಳು. ನೀವು ಚಪ್ಪಾಳೆ ತಟ್ಟುವಿರಿ. ಆ ಸುಣ್ಣವನ್ನು ಒರೆಸುವವಳು ನಾನು.

ಒಂದು ದಿನ ಎಲ್ಲರೂ ಸವದತ್ತಿಯ ಪೇಟೆಗೆ ಹೋಗಿದ್ದಿರಿ. ನಾನು ಮೈದುನನ ಅಂಗಡಿಗೆ, ದೇವಿಗೆ ಏರಿಸುವ ಭಂಡಾರದ ಅರಿಷಿಣವನ್ನು ಪುಡಿಕೆ ಕಟ್ಟುತ್ತಿದ್ದೆ. ಮರುದಿನ ಮಂಗಳವಾರ, ದೇವಿಯ ಗುಡ್ಡಕ್ಕೆ ಬರುವ ಮಂದಿ ಜಾಸ್ತಿ. ಹೊಸ ಪುಸ್ತಕ ಗೂಡಿನಲ್ಲಿತ್ತು. ಇದರಲ್ಲಿ ಅಂಥದ್ದೇನಿದೆ ಎಂದು ತೆಗೆದು ನೋಡಿದೆ. ನಾವು ಪುಸ್ತಕ ಹೇಗೆ ತೆರೆಯುತ್ತೇವೋ ಹಾಗೆ ತೆರೆದೆ.

ಮೊದಲ ಪುಟದಲ್ಲೇ ಒಬ್ಬ ಬಡಕಲು ಹುಡುಗ ಮೊಣಕಾಲೂರಿ ಅಳುತ್ತಿದ್ದ. ಆಮೇಲೆ ಅವನ ಕಡೆಗೆ ಎಲ್ಲರೂ ಬೆರಳು ತೋರಿಸಿದರು. ಆಮೇಲೆ ಒಂದು ಕೋಣೆಯಲ್ಲಿ ಮಂದಿ ಸೇರಿ ಬಡಿದಾಡುವಂತೆ ಮಾತಾಡಿದರು. ಪುಟ ತಿರುವುತ್ತ ಹೋದೆ. ನೆಲದ ಮೇಲೆ ಸತ್ತುಬಿದ್ದಿದ್ದ ಮುದುಕಿ ಎದ್ದು ಕೂತು ಚಹಾ ಕುಡಿದಳು. ಜಪಾನಿನಲ್ಲಿ ಹೀಗೂ ಉಂಟೇನೋ, ಇದು ದೆವ್ವದ ಕಥೆ ಇರಬೇಕು ಎಂದುಕೊಂಡೆ. ಆದರೆ ಆ ಹುಡುಗನನ್ನು ನನ್ನ ಕಣ್ಣು ಬಿಡಲಿಲ್ಲ. ಪುಟ ಕಳೆದಂತೆ ಅವನು ಸಣ್ಣವನಾಗುತ್ತ ಹೋದ. ಒಂದೆಡೆ ಬಾಗಿಲ ಹಿಂದೆ ಅರ್ಧ ಮುಖ. ಒಂದೆಡೆ ಬರೀ ಕೈ. ಕಡೆಗೆ ಒಂದು ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಗಿಡಕ್ಕೆ ನೀರು ಹಾಕುತ್ತ ನಿಂತಿದ್ದ, ಎಲೆಯ ಮರೆಗೆ ಮುಖವೇ ಇರಲಿಲ್ಲ.

ಮಧ್ಯಾಹ್ನ ನೀವು ಬಂದು ಅದನ್ನೇ ಓದತೊಡಗಿದಿರಿ, ಬಲಗಡೆಯಿಂದ. ಆಗ ತಿಳಿಯಿತು, ಆ ಪುಸ್ತಕಗಳಿಗೆ ನಮ್ಮ ಕೊನೆಯೇ ಮೊದಲು. ನಾನು ಕಥೆಯನ್ನು ಬಾಲದಿಂದ ನೋಡಿದ್ದೆ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪುಟ್ಟವ್ವ ಕಡೆಯ ಅಧ್ಯಾಯದ ಹಾಳೆ ಹಿಡಿದು ಕೂಗಿದಳು.

“ಅಯ್ಯ! ಇಲ್ಲಿ ಅರಿಷಿಣ ಹತ್ತೇತಿ!”

ಸಣ್ಯಾ ನನ್ನ ಕೈ ಹಿಡಿದು ಬೆರಳು ಮೂಸಿದ. “ಭಂಡಾರ! ಆಯಿ, ಕಡೀ ಪುಟ ನೀ ಮೊದ್ಲ ನೋಡೀದಿ! ಸಿಕ್ಕಿಬಿದ್ದಿ!”

“ನಂಗ ಅದ ಮೊದಲಂತ ಅನಿಸ್ತೋ ತಮ್ಮಾ,” ಎಂದೆ.

ನಿಮ್ಮ ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. “ಅಕ್ಕಾರ, ಮಜ್ಜಿಗಿ ಅನ್ನ ಉಂಡು ಕೈ ತೊಳಕೊಂಡು, ಆಮ್ಯಾಲೆ ರೊಟ್ಟಿ ಬಡ್ಯಾಕ ಕುಂತಂಗಾತಲ್ಲರಿ!”

ಎಲ್ಲರೂ ನಕ್ಕಿರಿ. ನನ್ನ ನೆಗೆಣ್ಣಿ ಅಡುಗೆ ಮನೆಯಿಂದ ಬಂದು ನಕ್ಕು ಹೋದಳು. ನಾನೂ ನಕ್ಕಂತೆ ಮಾಡಿ ಪುಡಿಕೆಯ ಬುಟ್ಟಿ ಎತ್ತಿಕೊಂಡು ಒಳಗೆ ನಡೆದೆ. ಕೂತು ಪುಡಿಕೆ ಕಟ್ಟುತ್ತ ಯೋಚಿಸಿದೆ. ನಗುವವರು ನಗಲಿ. ಬಾಲದಿಂದ ನೋಡಿದ್ದಕ್ಕೆ ನನಗೊಂದು ಕಂಡಿತ್ತು. ಕಥೆ ಬರೆಯುವವನು ಕಳ್ಳನನ್ನು ತರದೆ ಇರಲಾರ, ತಂದು ಮುಚ್ಚಿಡದೆಯೂ ಇರಲಾರ. ಅವನನ್ನು ಎಲ್ಲಿ ಮುಚ್ಚಿಟ್ಟಿದ್ದಾನೆ ಎಂದು ನೋಡಿದರೆ ಸಾಕು, ಬಾಗಿಲು ಗಡಿಯಾರಗಳ ಗೊಡವೆ ಬೇಡ.

ಮುಂದಿನ ಪುಸ್ತಕದಲ್ಲಿ ಹಡಗಿನ ಮೇಲೆ ಒಬ್ಬ ಸತ್ತ. ಅಜ್ಜಿ ನೆಲದ ಮೇಲೆ ಹಡಗು ಬರೆದಳು. ನಾನು ಚಿತ್ರ ನೋಡುತ್ತ ಕೂತೆ. ಹೆಣ ಕಂಡಾಗ ಎಲ್ಲರ ಬಾಯಿ ತೆರೆದ ಮುಖವನ್ನೂ ಚಿತ್ರ ಬರೆದವನು ದೊಡ್ಡದಾಗಿ ತೆಗೆದಿದ್ದ. ಒಬ್ಬಳದು ಮಾತ್ರ ಇಲ್ಲ, ಹಾಡುವವಳದು. ಆಕೆಯ ಕೂದಲು ಅಡ್ಡ ಬಂದಿತ್ತು. ಅಷ್ಟು ಚಂದ ಚಿತ್ರ ತೆಗೆಯುವವನಿಗೆ ಒಂದು ಮುಖ ತೆಗೆಯಲು ಬೇಸರವೇ? ಆಕೆಯ ಮೇಲೆ ಬೀಜ ಇಟ್ಟೆ. ಆಕೆಯೇ ಆಗಿದ್ದಳು.

ಅದರ ಮುಂದಿನದರಲ್ಲಿ ಒಬ್ಬ ಮಾಸ್ತರ ಯಾರೂ ಕೇಳದೆಯೇ, ತಾನು ಆ ಹೊತ್ತಿಗೆ ಪೇಟೆಯಲ್ಲಿದ್ದೆ ಎಂದು ಹೇಳಿದ. ಉಂಡಿಯ ಡಬ್ಬಿ ಹಗುರಾದ ದಿನ ಸಣ್ಯಾ ಯಾರೂ ಹೇಳದೆಯೇ ಮಗ್ಗಿ ಓದಲು ಕೂಡುತ್ತಾನೆ. ಬೀಜ ಮಾಸ್ತರನ ಮೇಲೆ. ಅದೂ ಸರಿ ಬಂತು.

“ಹೆಂಗ ಗೊತ್ತಾಗ್ತೈತಿ ಆಯಿ? ಅಜ್ಜಿಗತೆ ಲೆಕ್ಕನೂ ಹಾಕೂದಿಲ್ಲ ನೀ,” ಎಂದು ಪುಟ್ಟವ್ವ ನನ್ನ ಪಕ್ಕಕ್ಕೆ ಸರಿದಳು. ಸರಿದದ್ದು ಒಂದು ಗೇಣು ಇರಬಹುದು. ನನಗೆ ಹಬ್ಬವಾಯಿತು. ಮೆಲ್ಲನೆ ಹೇಳಿದೆ, ಮುಚ್ಚಿಟ್ಟ ಮುಖದ ವಿಷಯ.

ಆಕೆ ಕಣ್ಣರಳಿಸಿದಳು. “ಅಂದ್ರ ನೀ ಕಳ್ಳನ್ನ ಹಿಡ್ಯಾಕತ್ತಿಲ್ಲ. ಕಥಿ ಬರದಾವನ್ನ ಹಿಡ್ಯಾಕತ್ತೀದಿ!”

“ಅದು ಮೋಸ,” ಎಂದಳು ನಿಮ್ಮ ಅಜ್ಜಿ, ನಗದೆ. “ಉತ್ತರ ನೋಡಿ ಗಣಿತ ಮಾಡಿದಂಗ.”

ಆಕೆ ನಗದೆ ಆಡಿದ ಮೊದಲ ಮಾತು ಅದು. ಆ ದಿನದ ಚಹಾಕ್ಕೆ ನಾನು ಎರಡು ಏಲಕ್ಕಿ ಹೆಚ್ಚಿಗೆ ಹಾಕಿದೆ.

ಉಳಿದದ್ದು ಒಂದೇ ಪುಸ್ತಕ. ಅದನ್ನು ಬಿಚ್ಚುವ ಮೊದಲು ಅಜ್ಜಿ, “ದಸರಾ ಸೂಟಿಗೆ ನಮ್ಮಲ್ಲೇ ಬರ್ರಿ, ಹೊಸ ಫರಸಿ ಮ್ಯಾಲ ಊರಷ್ಟ ದೊಡ್ಡ ನಕಾಶಿ ಬರೆಯೋಣು,” ಎಂದಳು. ಹೊಟ್ಟೆಯೊಳಗಿನದು ಎಂದೂ ಇಲ್ಲದಂತೆ ಬಾಯಿಗೆ ಬಂತು. “ಈ ಸರ್ತಿ ದಸರಾಕ್ಕೂ ಇಲ್ಲೇ ಬರ್ಲಿ,” ಎಂದುಬಿಟ್ಟೆ.

ಸಣ್ಯಾ ಪಂಚನಂತೆ ಕೈ ಎತ್ತಿದ. “ಜಗಳಾಡಬ್ಯಾಡ್ರಿ ಮುದುಕ್ಯಾರ. ಈ ಪುಸ್ತಕದಾಗ ಯಾರು ಗೆಲ್ಲತಾರೋ ಅವರ ಮನೀಗೆ ದಸರಾಕ್ಕ. ಕಡೀ ಪುಟ ತಿರುವೂತನಾ ಬೀಜ ಸರಿಸಬಹುದು.”

ಕಥೆ ಹಿಮ ಬೀಳುವ ಗುಡ್ಡದ ಮೇಲಿನ ಒಂದು ಖಾನಾವಳಿಯದು. ಯಜಮಾನ ಬೀಗ ಹಾಕಿದ ಕೋಣೆಯಲ್ಲಿ ಸತ್ತಿದ್ದ. ಅಲ್ಲಿ ಹುಬ್ಬಿನ ಮೇಲೆ ಗಾಯದ ಹೊಲಿಗೆ ಇರುವ ಡಾಕ್ಟರನೊಬ್ಬ. ಬಂದ ಪುಟದಿಂದಲೇ ಕಣ್ಣು ಕೆಕ್ಕರಿಸಿ, ಎಲ್ಲರ ಜೊತೆ ಜಗಳ ಕಾಯುವವನು. ನೋಡಿದ ಕೂಡಲೇ ಇವನೇ ಎನ್ನಬೇಕು, ಹಾಗೆ ಚಿತ್ರ ತೆಗೆದಿದ್ದ. ನಡುವೆ ಪತ್ತೇದಾರನೇ, ಸಾವಿನ ಹೊತ್ತಿಗೆ ಡಾಕ್ಟರ ಫೋನಿನಲ್ಲಿ ಮಾತಾಡುತ್ತಿದ್ದ, ಎಲ್ಲರೂ ಕೇಳಿದ್ದಾರೆ ಎಂದು ಅವನನ್ನು ಬಿಟ್ಟ. ಇನ್ನೊಬ್ಬಳು ಚಹಾ ತಂದುಕೊಡುವ ಮುದುಕಿ. ಮಾತಿಲ್ಲ. ಎಲ್ಲ ಮೂಲೆಯಲ್ಲೂ ಆಕೆಯ ಬೆನ್ನು. ನನಗೆ ಅನುಮಾನವೇ ಉಳಿಯಲಿಲ್ಲ. ಗಿಡಕ್ಕೆ ನೀರು ಹಾಕುವ ಹುಡುಗನ ಅಕ್ಕನಂತೆ ಇದ್ದಳು.

ಆದರೆ ಅಜ್ಜಿ ಈಗ ನಕಾಶೆ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು. ಆಕೆಯ ಬೀಜ ಅಡುಗೆಯವನ ಮೇಲಿತ್ತು, ಬೆರಳು ಅದರ ಮೇಲಿನಿಂದ ಎದ್ದಿರಲಿಲ್ಲ. ನಾನು ಮುದುಕಿಯ ಮೇಲೆ ಇಟ್ಟರೆ ಆಕೆಯೂ ಅಲ್ಲಿಗೇ ಬರುತ್ತಾಳೆ, ಗೆಲುವು ಇಬ್ಬರ ಪಾಲಾಗುತ್ತದೆ, ದಸರೆಯೂ. ನನಗೆ ಪಾಲು ಬೇಡವಾಗಿತ್ತು. ಇಡಿಯಾಗಿ ಬೇಕಾಗಿತ್ತು. ಕಥೆ ಬರೆಯುವವರು ನಮ್ಮ ಕಣ್ಣನ್ನು ಬೇರೆ ಕಡೆಗೆ ಎಳೆಯುತ್ತಾರಲ್ಲ, ಅದನ್ನು ನಾನೂ ಮಾಡಿದೆ. ಬೀಜವನ್ನು ಟಪ್ಪೆಂದು ಡಾಕ್ಟರನ ಹೊಲಿಗೆಯ ಮೇಲೆ ಇಟ್ಟೆ.

“ಡಾಕ್ಟರ? ಖರೇನ ಅಕ್ಕಾರ?” ಎಂದಳು.

“ಮತ್ಯಾರರಿ,” ಎಂದೆ, ಬೇರೆಲ್ಲೋ ನೋಡುತ್ತ.

ಆಕೆ ತುಸು ಯೋಚಿಸಿ ತನ್ನ ಬೀಜವನ್ನು ನನ್ನದರ ಪಕ್ಕಕ್ಕೆ ತಂದಳು. ಪುಟ್ಟವ್ವ ಪುಟ ತಿರುವಲು ಕೈ ಹಾಕುತ್ತಲೇ ನಾನು ನನ್ನ ಬೀಜವನ್ನು ಎತ್ತಿ ಮುದುಕಿಯ ಬೆನ್ನಿನ ಮೇಲೆ ಇಟ್ಟೆ. ಸಣ್ಯಾ ಶಿಳ್ಳೆ ಹೊಡೆದ. ಅಜ್ಜಿಯ ಕೈ ಅರ್ಧಕ್ಕೇ ನಿಂತಿತು.

ಪುಟ ತಿರುಗಿತು. ಮೊಣಕಾಲೂರಿ ಕೂತವನು ಡಾಕ್ಟರ.

ಫೋನಿನಲ್ಲಿ ಕೇಳಿಸಿದ್ದು ಮೊದಲೇ ಹಿಡಿದಿಟ್ಟ ಧ್ವನಿಯಂತೆ. ಮುದುಕಿ ಪಾಪ ಚಹಾ ಕಾಸಿಕೊಟ್ಟು ಬದುಕುವವಳು, ಕಡೆಯ ಚಿತ್ರದಲ್ಲೂ ಚಹಾ ಕೊಡುತ್ತಿದ್ದಳು. ಕಥೆ ಬರೆದವನು ಮೊದಲು ಡಾಕ್ಟರನ ಮೇಲೆ ಎಲ್ಲರ ಅನುಮಾನ ಬರುವಂತೆ ಮಾಡಿ, ಆಮೇಲೆ ಇವನಲ್ಲ ಎಂದು ಬಿಡಿಸಿ, ಅವನನ್ನು ನಮ್ಮ ಕಣ್ಣೆದುರಿಗೇ ಮುಚ್ಚಿಟ್ಟಿದ್ದ. ಮೂಲೆ ಹುಡುಕುವ ನನ್ನಂಥವರೂ ಇರುತ್ತಾರೆ ಎಂದು ಬರೆದವನಿಗೆ ಮೊದಲೇ ಗೊತ್ತಿತ್ತು. ಆ ಮುದುಕಿಯನ್ನು ಅವನು ತೆಗೆದದ್ದು ನನಗಾಗಿಯೇ.

“ಅಕ್ಕಾರ, ಉತ್ತರ ನೀವ ಹೇಳಿಕೊಟ್ರಿ!” ಎಂದು ನಿಮ್ಮ ಅಜ್ಜಿ ನನ್ನ ಕೈ ಹಿಡಿದು ಕುಲುಕಿದಳು. “ದಸರಾಕ್ಕ ನೀವೂ ಬರ್ರಿ ನಮ್ಮಲ್ಲಿಗೆ.”

“ಅಂಗಡಿ ಕೆಲಸ ಇರತೈತ್ರಿ,” ಎಂದೆ. ಮೈದುನ ಎರಡು ಸಲ ಹೋಗೆಂದ. ಹೋಗಲಿಲ್ಲ. ಆಕೆಯ ಹೊಸ ಫರಸಿಯ ಮೇಲೆ ನೀವು ಆಕೆಯ ತೊಡೆಗೆ ಒರಗಿರುವುದನ್ನು ನೋಡುವುದಕ್ಕಿಂತ ಇಲ್ಲಿ ಕೂತು ಊಹಿಸಿಕೊಳ್ಳುವುದು ವಾಸಿ ಎಂದುಕೊಂಡೆ. ವಾಸಿಯೇನೂ ಅಲ್ಲ. ಊಹಿಸಿಕೊಂಡದ್ದರಲ್ಲಿ ನೀವು ಇನ್ನೂ ಹತ್ತಿರ ಕೂತಿರುತ್ತೀರಿ.

ಬೀಜ ಇಟ್ಟಲ್ಲೇ ಬಿಟ್ಟಿದ್ದರೆ ದಸರೆಯಲ್ಲಿ ಅರ್ಧವಾದರೂ ನನ್ನದಾಗುತ್ತಿತ್ತು. ಅಜ್ಜಿಯನ್ನು ದಾರಿ ತಪ್ಪಿಸಲೆಂದೇ ಅಲ್ಲಿ ಇಟ್ಟದ್ದು ಎಂದು ಈವರೆಗೆ ಯಾರಿಗೂ ಹೇಳಿಲ್ಲ. ನೀವು ಸೂಟಿ ಮುಗಿಸಿ ಯರಗಟ್ಟಿಗೆ ಬಂದ ಮೇಲೆ ಈ ಹಾಳೆಗಳು ನಿಮಗೆ ಸಿಗುವಂತೆ ಮೈದುನನ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ಅಪ್ಪನ ಔಷಧಿ ಅಂಗಡಿಯಲ್ಲಿ ಇಡಬೇಡಿ, ಮಾತ್ರೆ ಕಟ್ಟಿಕೊಡಲು ಹರಿದಾನು. ನಿಮ್ಮ ಬಟ್ಟೆಯ ಟ್ರಂಕಿನ ತಳದಲ್ಲಿ, ಹಾಸಿದ ಕಾಗದದ ಕೆಳಗೆ ಇಡಿ. ನಾನು ಹೋದ ಮೇಲೂ ಅಲ್ಲೇ ಇರಲಿ, ಹುಳ ಹತ್ತದಂತೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ. ಬೈಲಹೊಂಗಲದ ಅಜ್ಜಿ ಬಂದ ದಿನ ಮಾತ್ರ ಹಾಕಬೇಡಿ.